ತಂಪುಹಾಸಿನ ಬೇರು

ಏಳಬಾವಿಯ ಕೋಟೆ ಬಾಗಿಲಿನ ಆಚೆ ಬಿಸಿಲು ನಲವತ್ತೇಳು ಡಿಗ್ರಿ. ಬಾಗಿಲು ದಾಟಿ ಬಜಾರಿಗೆ ಬಂದರೆ ಮೂವತ್ತೆಂಟು. ನಡುವೆ ಇದ್ದದ್ದು ಒಂದು ಕಲ್ಲಿನ ಹೊಸ್ತಿಲು ಮಾತ್ರ.

"ಚಪ್ಪಲಿ, ಬೂಟು ಇಲ್ಲೇ ಬಿಡ್ರಿ," ಎಂದಳು ತೇಜಸ್ವಿನಿ ಮನಗೂಳಿ.

ಬೇರೆ ಬೇರೆ ಊರುಗಳ ಪುರಸಭೆಗಳಿಂದ ಬಂದಿದ್ದ ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಆ ಕಾಲದ ಮೇ ತಿಂಗಳಲ್ಲಿ, ಕೃಷ್ಣಾ ನದಿಯಿಂದ ಉತ್ತರಕ್ಕಿರುವ ಬಯಲಿನಲ್ಲಿ, ನಡುಮಧ್ಯಾಹ್ನ ಬರಿಗಾಲಲ್ಲಿ ನಡೆಯುವುದೆಂದರೆ ಕಾದ ಹಂಚಿನ ಮೇಲೆ ನಿಂತಂತೆ. ಕೊನೆಗೆ ಒಬ್ಬಾಕೆ ಧೈರ್ಯ ಮಾಡಿ ಕಾಲಿಟ್ಟಳು. ಇಟ್ಟವಳು ಹಾಗೇ ನಿಂತುಬಿಟ್ಟಳು. ಅವಳ ಕಣ್ಣು ಅರೆಮುಚ್ಚಿದವು. ಉಳಿದವರೂ ಅವಸರದಿಂದ ಬೂಟು ಕಳಚತೊಡಗಿದರು.

ಬೀದಿಯ ತುಂಬ ಹಬ್ಬಿದ್ದ ಆ ಗಿಡದ ಸರ್ಕಾರಿ ಹೆಸರು ತಂಪುಹಾಸು. ಊರವರು ಹಸರ ಜಮಖಾನ ಎನ್ನುತ್ತಿದ್ದರು. ಹೆಸರುಬೇಳೆಯಷ್ಟು ಸಣ್ಣ ದುಂಡನೆಯ ಎಲೆ, ನೆಲ ಬಿಟ್ಟು ಏಳದ ಬಳ್ಳಿ, ಅಲ್ಲಲ್ಲಿ ಎಳೆ ನೇರಳೆ ಹೂ. ಕಲ್ಲುಹಾಸಿನ ಸಂದಿನಲ್ಲಿ, ಗೋಡೆಗಳ ಮೇಲೆ, ತಗಡಿನ ಮಾಡುಗಳ ಮೇಲೆ, ಎಲ್ಲೆಲ್ಲೂ ಅದೇ. ತುಳಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಏಳುತ್ತಿತ್ತು.

"ನಮ್ಮ ಮನೆಯ ಮಣ್ಣಿನ ಹರವಿ ನೀರು ಹೆಂಗ ತಣ್ಣಗ ಇಡ್ತದೋ ಹಂಗ," ಎಂದು ತೇಜಸ್ವಿನಿ ವಿವರಿಸಿದಳು. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ತಂಪುಹಾಸು ಮಾಡುತ್ತಿದ್ದದ್ದೂ ಅಷ್ಟೇ. ಅದರ ಎಲೆಗಳ ಮೇಲಿನ ಕಣ್ಣಿಗೆ ಕಾಣದ ರೋಮಗಳು ರಾತ್ರಿಯ ಗಾಳಿಯ ತೇವವನ್ನು ಹಿಡಿಯುತ್ತವೆ. ಕಾಂಡದೊಳಗಿನ ಲೋಳೆ ಅದನ್ನು ಕೂಡಿಡುತ್ತದೆ. ಹಗಲು ಬಿಸಿಲೇರಿದಂತೆ ಎಲೆಯ ರಂಧ್ರಗಳು ತೆರೆದು ಆ ನೀರನ್ನು ಬೆವರಿನ ಹಾಗೆ ಬಿಡುತ್ತವೆ. ತೊರೆಯ ದಂಡೆಯಲ್ಲಿ ಬೆಳೆಯುವ ಒಂದು ಅಲಂಕಾರದ ಸಸ್ಯವನ್ನು ತಂದು, ಅದರ ವಂಶವಾಹಿಗಳನ್ನು ಒಂದೊಂದಾಗಿ ತಿದ್ದಿ, ಹನ್ನೆರಡು ವರ್ಷ ಅದರ ಹಿಂದೆ ಬಿದ್ದು ಅವಳು ಇದನ್ನು ಮಾಡಿದ್ದಳು. ಬೇರು ನಾಲ್ಕು ಬೆರಳಿಗಿಂತ ಆಳಕ್ಕೆ ಹೋಗದಂತೆ ತಡೆಯನ್ನೂ ಇಟ್ಟಿದ್ದಳು. ನೆಲದ ನೀರು ಕೇಳದ ಗಿಡ ಎನ್ನುವುದೇ ಅದರ ಹೆಗ್ಗಳಿಕೆ.

ತೇಜಸ್ವಿನಿಗೆ ಬಿಗುಮಾನ ಹೆಚ್ಚೆಂದು ಜನ ಹೇಳುತ್ತಿದ್ದರು. ಸುಳ್ಳಲ್ಲ. ಮೊದಲು ಬರಿಗಾಲಿಟ್ಟ ಆ ಅಧಿಕಾರಿ ಈಗ ಕುಕ್ಕರಗಾಲಲ್ಲಿ ಕೂತು ಒಂದು ಕಾಂಡ ಚಿವುಟಿದಳು. ಪಟಕ್ಕನೆ ನೀರು ಚಿಮ್ಮಿತು.

"ಮೇಡಮ್, ಇಬ್ಬನಿ ಬೀಳೋದು ಶಿವರಾತ್ರಿಗೇ ನಿಂತುಹೋಯ್ತು. ರಾತ್ರಿ ಗಾಳೀನೂ ಒಣಗೇ ಇರ್ತದೆ. ಈಗ ಇದಕ್ಕೆ ಈ ನೀರು ಎಲ್ಲಿಂದ?"

"ಕೂಡಿಟ್ಟುಕೊಂಡಿರ್ತದ," ಎಂದಳು ತೇಜಸ್ವಿನಿ. ಹಾಗೆಂದ ಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆ ದಾರದಂಥ ಕಾಂಡದಲ್ಲಿ ಎಷ್ಟು ನೀರು ಹಿಡಿಯುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಒಂದು ವಾರದ್ದು. ಹೆಚ್ಚೆಂದರೆ ಹತ್ತು ದಿನದ್ದು.

ಊರಿನ ನಡುವೆ ಹಿರೇಬಾವಿ ಇತ್ತು. ಸುಲ್ತಾನರ ಕಾಲದ ಮೆಟ್ಟಿಲು ಬಾವಿ. ಏಳು ಬಾವಿಗಳಲ್ಲಿ ಇನ್ನೂ ಜೀವ ಇದ್ದದ್ದು ಅದೊಂದಕ್ಕೇ. ಕೆಳಗಿನ ಓಣಿಗಳೆಲ್ಲ ಕುಡಿಯುತ್ತಿದ್ದದ್ದು ಅದರ ನೀರನ್ನೇ. ಹಿಂದಿನ ವರ್ಷ ಮಳೆ ಚೆನ್ನಾಗಿ ಆಗಿತ್ತು. ಆದರೂ ಈ ಬೇಸಿಗೆಗೆ ಯಾರೂ ಎಂದೂ ಕಾಣದಿದ್ದ ಮೆಟ್ಟಿಲುಗಳು ಪಾಚಿ ಹೊತ್ತು ಹೊರಗೆ ಬಂದಿದ್ದವು. ಬಿಸಿಲು ಹೆಚ್ಚು, ಬಳಕೆ ಹೆಚ್ಚು ಎಂದು ಎಲ್ಲರೂ ಅಂದುಕೊಂಡಿದ್ದರು. ತೇಜಸ್ವಿನಿಯೂ ಹಾಗೇ ಅಂದುಕೊಂಡಿದ್ದಳು.

ಅಧಿಕಾರಿಗಳು ಹೊರಟುಹೋದ ಮೇಲೆ ಅವಳು ಪ್ರಯೋಗಾಲಯದಿಂದ ಭಾರಜಲದ ಸೀಸೆಗಳನ್ನು ತಂದಳು. ಅದೂ ನೀರೇ. ಅದರ ಜಲಜನಕದ ಪರಮಾಣುಗಳು ಸಾಮಾನ್ಯವಾದವುಗಳಿಗಿಂತ ತುಸು ತೂಕದವು, ಅಷ್ಟೇ ಭೇದ. ಅಷ್ಟು ಅಲ್ಪ ಪ್ರಮಾಣದಲ್ಲಿ ಕುಡಿದವರಿಗೆ ಏನೂ ಆಗುವುದಿಲ್ಲ. ಆದರೆ ಉಪಕರಣ ಅದನ್ನು ಎಲ್ಲಿದ್ದರೂ ಗುರುತಿಸುತ್ತದೆ, ಹಿಂಡಿನೊಳಗೆ ಗುರುತು ಹಾಕಿದ ಕುರಿಯ ಹಾಗೆ. ಅವಳು ಅದನ್ನು ಬಾವಿಗೆ ಸುರಿದಳು. ಕೆಲವು ದಿನ ಬಿಟ್ಟು ಬೀದಿಬೀದಿಯ ಎಲೆ ಕಿತ್ತು ಪರೀಕ್ಷಿಸಿದಳು.

ಬಾವಿಯ ಕಟ್ಟೆಯ ಎಲೆಗಳಲ್ಲಿ ಗುರುತಿನ ನೀರು ಇತ್ತು. ಅದು ಆಶ್ಚರ್ಯವಲ್ಲ. ಬಜಾರಿನ ಎಲೆಗಳಲ್ಲಿಯೂ ಇತ್ತು. ದೂರದ ಗೋಡೆಯ ಮೇಲೆ, ಶಾಲೆಯ ಮಾಡಿನ ಮೇಲೆ, ಅವಳ ಸ್ವಂತ ಅಂಗಳದಲ್ಲಿ, ಎಲ್ಲ ಕಡೆಯೂ ಇತ್ತು.

ಅವಳು ದೀಪ ಹಿಡಿದು ಬಾವಿಗೆ ಇಳಿದಳು. ನೀರಿನ ಅಂಚಿಗೆ ಬಂದು ಬೆಳಕನ್ನು ಗೋಡೆಗೆ ಹಿಡಿದಳು. ಕಲ್ಲುಕಲ್ಲಿನ ಸಂದಿನಿಂದಲೂ ಬಿಳಿಯ ಬೇರುಗಳು ಹೊರಬಿದ್ದು, ಜಟೆಯಂತೆ ಜೋತು, ನೀರಿನೊಳಗೆ ಇಳಿದಿದ್ದವು. ನಾಲ್ಕು ಬೆರಳಿನ ತಡೆಯನ್ನು ಗಿಡ ಎಂದೋ ಮುರಿದಿತ್ತು. ಇಬ್ಬನಿ ಇರುವ ತಿಂಗಳುಗಳಲ್ಲಿ ಅದು ಹೇಳಿದ ಮಾತು ಕೇಳಿಕೊಂಡು ಮೇಲೆ ಇರುತ್ತಿತ್ತು. ಗಾಳಿ ಒಣಗಿದಾಗ ತೊರೆಯ ದಂಡೆಯ ಹಳೆಯ ಬುದ್ಧಿ ಎಚ್ಚರಗೊಂಡು ನೀರು ಹುಡುಕುತ್ತ ಕೆಳಗೆ ಹೋಗುತ್ತಿತ್ತು. ಒಂದು ಬೇರಿಗೆ ಸಿಕ್ಕ ನೀರು ಬಳ್ಳಿಯಿಂದ ಬಳ್ಳಿಗೆ ಸಾಗಿ ಊರೆಲ್ಲ ಹರಡುತ್ತಿತ್ತು. ಊರಿನ ತಂಪು ಅಂದರೆ ಹಿರೇಬಾವಿಯೇ ಗಾಳಿಗೆ ಆರಿಹೋಗುತ್ತಿದ್ದದ್ದು.

ಅವಳು ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಯ ನಿರ್ದೇಶಕ ನಿರಂಜನ ಉಳ್ಳಾಗಡ್ಡಿ ಧಾರವಾಡದ ಕಡೆಯವರು. ಕೆಟ್ಟ ಮನುಷ್ಯರಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿಕೊಂಡರು.

"ತೇಜಸ್ವಿನಿ, ನಲವತ್ತು ಊರಿಗೆ ಇದನ್ನ ಹಚ್ಚಲಿಕ್ಕೆ ಒಪ್ಪಿಗೆ ಬಂದದ. ಮುಂದಿನ ತಿಂಗಳ ಶುರು ಆಗ್ತದ."

"ಅದಕ್ಕ ಈಗ ಹೇಳಾಕತ್ತೀನ್ರಿ ಸರ್. ನಿಲ್ಲಸ್ರಿ."

"ನಿಲ್ಲಿಸಿ ಮಂದಿಗೆ ಏನು ಹೇಳೋದು? ಹಾಸು ಬರೋಕಿಂತ ಮೊದಲಿನ ವರ್ಷ ಏಳಬಾವಿಯೊಳಗ ಹೆಂಗ ಹೆಣ ಬಿದ್ದವು ನೀವು ನೋಡೀರಿ. ಹಾಸು ಬಂದಮ್ಯಾಲೆ ಬಿಸಿಲಿಗೆ ಒಬ್ಬರೂ ಸತ್ತಿಲ್ಲ. ನೀರನ್ನ ಟ್ಯಾಂಕರಿನ್ಯಾಗ ತರಬಹುದು. ಸತ್ತವರನ್ನ ಯಾವ ಟ್ಯಾಂಕರಿನ್ಯಾಗ ತರ್ತೀರಿ?"

ಆ ವರ್ಷದ ಸಾವುಗಳನ್ನು ಅವಳು ಕಣ್ಣಾರೆ ಕಂಡಿದ್ದಳು. ಈ ಗಿಡವನ್ನು ಹಟ ಹಿಡಿದು ಮುಗಿಸಿದ್ದೂ ಆ ಕಾರಣಕ್ಕೇ.

"ಟ್ಯಾಂಕರಿಗೆ ನೀರು ಎಲ್ಲಿಂದ ತುಂಬತೀರಿ ಸರ್?" ಎಂದಳು. "ಬಾಜೂ ಊರಿನ ಬಾವ್ಯಾಗಿಂದ. ಅಲ್ಲೂ ಇದನ್ನ ಹಚ್ಚತೀರಿ. ಆಮ್ಯಾಲೆ?"

"ನೀವು ಸುಮ್ಮನಿರ್ರಿ. ಬೇರಿನ ಸಮಸ್ಯೆ ಮುಂದಿನ ತಳಿಯೊಳಗ ಸರಿ ಮಾಡೋಣು."

"ನಾ ಸುಮ್ಮನಿರೂದಿಲ್ಲ," ಎಂದು ತೇಜಸ್ವಿನಿ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. ಅದನ್ನು ಎತ್ತಿಡುವ ಗೊಡವೆಗೆ ಅವಳು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಓಣಿಯವರು ಹಲ್ಲುಜ್ಜುತ್ತ ಹೊರಗೆ ಬಂದಾಗ, ಆ ಗಿಡವನ್ನು ಹೆತ್ತವಳೇ ಸೀರೆ ಮೇಲಕ್ಕೆ ಕಟ್ಟಿ, ಕಳೆ ಕೀಳುವ ಕುರ್ಚಿಗಿ ಹಿಡಿದು, ತನ್ನ ಅಂಗಳದ ಹಾಸನ್ನು ಕೆತ್ತಿ ಕೆತ್ತಿ ಎಸೆಯುತ್ತಿದ್ದಳು. ಅದು ಸುಲಭದ ಕೆಲಸವಾಗಿರಲಿಲ್ಲ. ಒಂದು ಕಡೆ ಕಿತ್ತರೆ ಇನ್ನೊಂದು ಕಡೆ ಹರಿದು ಉಳಿಯುತ್ತಿತ್ತು. ಉಗುರಿನಷ್ಟು ತುಣುಕು ಮಣ್ಣಿನಲ್ಲಿ ಉಳಿದರೂ ಸಾಕು, ಅದು ಮತ್ತೆ ಚಿಗುರುತ್ತಿತ್ತು. ಆ ಗುಣವನ್ನೂ ಅವಳೇ ಹುಡುಕಿ ಹುಡುಕಿ ತುಂಬಿದ್ದಳು. ಹಾಸಿನ ಅಡಿಯಲ್ಲಿ ಏನೂ ಇರಲಿಲ್ಲ. ಹುಲ್ಲಿಲ್ಲ, ಬೇವಿನ ಸಸಿಯಿಲ್ಲ, ಎರೆಹುಳವೂ ಇಲ್ಲ. ಕಟ್ಟೆಯ ತುಳಸಿಯ ಬುಡವನ್ನು ಅದು ಯಾವಾಗಲೋ ಹಿಚುಕಿ ಮುಗಿಸಿತ್ತು. ಬರಿಯ ಒದ್ದೆ ಮಣ್ಣು, ನಸು ಹುಳಿ ವಾಸನೆ.

ಮೊದಲು ಎದುರಿಗೆ ಬಂದವಳು ಶಾಹೀನಾ ಆಪಾ. ಎದುರು ಮನೆಯವಳು. ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಹೆಣ ಬಿದ್ದ ಆ ವರ್ಷ ಓಣಿಯ ಮುದುಕರನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಾಪಾಡಿದವಳು. ತನ್ನ ಗಂಡ ಇಕ್ಬಾಲನನ್ನು ಮಾತ್ರ ಉಳಿಸಿಕೊಳ್ಳಲು ಆಗಿರಲಿಲ್ಲ. ಗಾರೆ ಕೆಲಸಕ್ಕೆ ಹೋಗಿದ್ದವನು ಬಿಸಿಲು ಬಡಿದು ಬಂದು ಅವಳ ತೊಡೆಯ ಮೇಲೆಯೇ ಹೋಗಿದ್ದ.

"ಏನ ಮಾಡಾಕತ್ತಿ ಬೇಟಿ? ತಲಿ ಕೆಟ್ಟೈತೇನ?"

ತೇಜಸ್ವಿನಿ ಹೇಳಿದಳು. ಬಾವಿ, ಬೇರು, ಎಲ್ಲ.

"ಬಾವಿ ಇಳಿದ್ರ ಇಳೀಲಿ!" ಶಾಹೀನಾ ಗದರಿದಳು. "ಈ ಹಸರ ಇಲ್ಲದ ಬ್ಯಾಸಗಿ ನಾ ಕಂಡೀನಿ. ನೀ ಆಗ ಲ್ಯಾಬಿನಾಗ ಎಸಿ ಹಚ್ಚಿಕೊಂಡ ಕುಂತಿದ್ದಿ. ನನ್ನ ಮಾಡಿನ ಮ್ಯಾಲಿಂದ ಒಂದ ಎಲಿ ಕಿತ್ತಿ ಅಂದ್ರ ನೋಡ, ನಿನ್ನ ಕೈಯಾಗಿನ ಕುರ್ಚಿಗಿ ನನ್ನ ಕೈಗೆ ಬರ್ತೈತಿ."

ಸುತ್ತ ಸೇರಿದ್ದವರು ಹೌದು ಹೌದು ಎಂದರು. ಅಷ್ಟರಲ್ಲಿ ಪುರಸಭೆಯವರೂ ಬಂದರು. ತಂಪುಹಾಸು ಸಾರ್ವಜನಿಕ ಸ್ವತ್ತು, ಕೀಳುವುದು ಅಪರಾಧ ಎಂದು ಓದಿ ಹೇಳಿದರು. ಆ ಕಾನೂನು ಬಂದ ಮೇಲೆ ಅದರಡಿ ಮೊದಲ ಆರೋಪಿ, ಅದನ್ನು ಕಂಡುಹಿಡಿದವಳೇ.

"ಹೆತ್ತಾಕಿ ನಾನು. ಕಿತ್ತ ಹಾಕಾಕಿನೂ ನಾನ," ಎಂದಳು ತೇಜಸ್ವಿನಿ. "ಜೇಲಿಗೆ ಹಾಕತೀರಿ? ಹಾಕ್ರಿ. ಅಂಗಳ ಮುಗಿಸಿ ಬರ್ತೀನಿ, ಅಲ್ಲೀತನಕ ಆ ನೆಳ್ಳಾಗ ನಿಂದರ್ರಿ."

ಬಂದವರು ನಿಜಕ್ಕೂ ನಿಂತರು. ಅವರಿಗೂ ಏನು ಮಾಡಬೇಕೆಂದು ತಿಳಿಯದೆ, ಕೊನೆಗೆ ಒಂದು ನೋಟೀಸು ಬರೆದು ಕೊಟ್ಟು ಹೋದರು. ಮಧ್ಯಾಹ್ನದ ಹೊತ್ತಿಗೆ ಆ ಅಂಗಳ ಊರಿನ ಒಂದೇ ಒಂದು ಬೋಳು ನೆಲವಾಗಿತ್ತು. ಅದರಿಂದ ಏಳುತ್ತಿದ್ದ ಝಳ ಹಾದು ಹೋಗುವವರ ಮುಖಕ್ಕೆ ಬಡಿಯುತ್ತಿತ್ತು. ಅಂಗಳದ ನಡುವೆ ಕುರ್ಚಿಗಿ ಹಿಡಿದು ಕೂತವಳ ಅಂಗೈಗಳಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಯಾರೋ ಹುಚ್ಚಿ ಎಂದರು. ಅವಳು ಕೇಳಿಸಿಕೊಂಡೂ ಕೂತೇ ಇದ್ದಳು.

ಶಾಹೀನಾ ಆಪಾ ಎರಡು ದಿನ ಅದನ್ನು ನೋಡಿದಳು. ಮೂರನೆಯ ದಿನ ಮುಲಾಮಿನ ಡಬ್ಬಿ ತಂದು ಅವಳ ಕೈಗೆ ಹಚ್ಚತೊಡಗಿದಳು. ಸಿಟ್ಟು ಇಳಿದಿರಲಿಲ್ಲ. ಬಟ್ಟೆ ಕಟ್ಟುವಾಗ ಬೇಕೆಂದೇ ಬಿಗಿಯಾಗಿ ಎಳೆದಳು.

"ಆಪಾ, ಒಂದ ಸಲ ನನ್ನ ಕೂಡ ಬಾವಿಗೆ ಬಾ," ಎಂದಳು ತೇಜಸ್ವಿನಿ. "ನೋಡಿದ ಮ್ಯಾಲೆ ನೀ ಏನಂತೀದಿ ಅದನ್ನ ಕೇಳತೀನಿ."

"ಕೇಳ್ತೀಯೇನ? ನೀ?"

"ಕೇಳ್ತೀನಿ."

ಶಾಹೀನಾಳ ಮೊಣಕಾಲು ಮಡಚುತ್ತಿರಲಿಲ್ಲ. ಒಂದೊಂದೇ ಮೆಟ್ಟಿಲಿಗೆ ಕೂತು, ಜರುಗಿ, ಮತ್ತೆ ಕೂತು ಇಳಿದಳು. ಕೆಳಗೆ ಮುಟ್ಟುವ ಹೊತ್ತಿಗೆ ಏದುಸಿರು. ತೇಜಸ್ವಿನಿ ದೀಪವನ್ನು ಗೋಡೆಗೆ ಹಿಡಿದಳು.

ಶಾಹೀನಾ ಆ ಬಿಳಿಯ ಜಟೆಯನ್ನು ನೋಡಿದಳು. ಕೈ ಚಾಚಿ ಒಂದು ಹಿಡಿ ಬೇರು ಕಿತ್ತು, ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡಿದಳು. ಬೆರಳುಗಳ ಸಂದಿನಿಂದ ನೀರು ಧಾರೆಯಾಗಿ ಸುರಿದು ಕಲ್ಲಿನ ಮೇಲೆ ಬಿತ್ತು. ಇನ್ನೊಂದು ಹಿಡಿ ಕಿತ್ತು ಹಿಂಡಿದಳು. ಮತ್ತೊಂದು. ಅವಳ ಕುಪ್ಪಸದ ತೋಳೆಲ್ಲ ತೊಯ್ದಿತು.

"ನಮ್ಮ ಇಕ್ಬಾಲ್," ಎಂದಳು. "ಉಸುರು ನಿಲ್ಲೂ ಮುಂದ ನಾ ಗಾಳಿ ಹಾಕಾಕತ್ತಿದ್ದೆ. ಬೀಸಣಿಕಿ ಸರಿಸಿದ. ಗಾಳಿ ಬ್ಯಾಡ, ನೀರ ಕೊಡ ಅಂದ. ಕೊಡಾಕ ಮನ್ಯಾಗ ಇತ್ತು. ಇತ್ತು ಬೇಟಿ. ಈ ಬಾವೀದ ನೀರ." ಅವಳು ಬೇರುಗಳನ್ನು ನೀರಿನಿಂದ ದೂರಕ್ಕೆ ಎಸೆದಳು. "ಮ್ಯಾಲೆ ನಡಿ. ನನ್ನ ಎಬ್ಬಸು."

ಆಮೇಲೆ ನಡೆದದ್ದಕ್ಕೆ ಊರಿನಲ್ಲಿ ಯಾರೂ ಮುಹೂರ್ತ ಇಡಲಿಲ್ಲ. ಶಾಹೀನಾ ಆಪಾ ಮನೆಮನೆಗೆ ಹೋದಳು. ಬೈದಳು, ಅತ್ತಳು, ಕೆಲವರನ್ನು ಕೈ ಹಿಡಿದು ಬಾವಿಗೆ ಎಳೆದುಕೊಂಡು ಹೋದಳು. ಆದರೆ ತೇಜಸ್ವಿನಿಗೂ ಒಂದು ಕರಾರು ಹಾಕಿದಳು: "ಎಲ್ಲಾ ಕಿತ್ತರ ಮುದುಕರು ಸಾಯ್ತಾರ. ನೀ ವಿಜ್ಞಾನಿ ಅಲ್ಲೇನ? ದಾರಿ ಹುಡುಕು." ಹುಡುಕಿದ ದಾರಿ ಸರಳವಾಗಿತ್ತು. ಶಾಲೆಯ ಮಾಡು ಒಂದರ ಮೇಲೆ ಮಾತ್ರ ಹಾಸನ್ನು ಉಳಿಸಿದರು, ಅದೂ ನೆಲದ ಸಂಪರ್ಕ ಕಡಿದು, ತಗಡಿನ ತಟ್ಟೆಗಳಲ್ಲಿ. ಅದಕ್ಕೆ ಊರವರ ಸ್ನಾನದ ಬಚ್ಚಲ ನೀರು. ಬಿಸಿಲು ಏರುವ ದಿನಗಳಲ್ಲಿ ಮುದುಕರು, ಬಾಣಂತಿಯರು, ರೋಗಿಗಳು ಆ ಮಾಡಿನ ಕೆಳಗೆ ಮಲಗಬೇಕು. ಉಳಿದ ಊರು ಬೋಳಾಗಬೇಕು.

ಆಯಿತು. ಪುರಸಭೆ ಒಬ್ಬಳನ್ನು ಹಿಡಿಯಬಹುದಿತ್ತು. ಓಣಿಗೆ ಓಣಿಯೇ ಕುರ್ಚಿಗಿ ಹಿಡಿದು ನಿಂತಾಗ ಯಾರನ್ನು ಹಿಡಿಯುವುದು? ಸಂಸ್ಥೆ ತೇಜಸ್ವಿನಿಯನ್ನು ಕೆಲಸದಿಂದ ತೆಗೆಯಿತು. ನಲವತ್ತು ಊರುಗಳಲ್ಲಿ ತಂಪುಹಾಸು ಹಬ್ಬಿತು. ಹೂ ಬಿಟ್ಟ ಬೀದಿಗಳ ಚಿತ್ರಗಳು ಎಲ್ಲೆಡೆ ಹರಡಿದವು. ಉಪಗ್ರಹದಿಂದ ತೆಗೆದ ಚಿತ್ರದಲ್ಲಿ ಏಳಬಾವಿ ಹಸಿರು ಸೀರೆಯ ಮೇಲಿನ ಸುಟ್ಟ ತೂತಿನಂತೆ ಕಾಣುತ್ತಿತ್ತು. ಬಳಗದವರು ಮದುವೆಗೆ ಈ ಊರಿಗೆ ಬರಲು ಮೂಗು ಮುರಿದರು.

ಮರುವರ್ಷದ ಬೇಸಿಗೆ ದಯೆ ತೋರಲಿಲ್ಲ. ಊರಿನ ಹಿರಿಯರಾದ ಬಸಣ್ಣ ಮಾಸ್ತರರು ಶಾಲೆಯ ಮಾಡಿನ ಕೆಳಗೆ ಬರಲು ಒಪ್ಪದೆ, ತಮ್ಮ ಮನೆಯಲ್ಲೇ ಇರುತ್ತೇನೆಂದು ಹಟ ಹಿಡಿದು, ಒಂದು ಮಧ್ಯಾಹ್ನ ತೀರಿಕೊಂಡರು. ತೇಜಸ್ವಿನಿ ಅವರ ಮನೆಗೆ ಹೋದಳು. ಹೋಗಬೇಡವೆಂದು ಎಲ್ಲರೂ ಹೇಳಿದ್ದರು. ಮಾಸ್ತರರ ಮಗಳು ಕಾವೇರಿ ಅವಳನ್ನು ಕಂಡವಳೇ, "ನಮ್ಮಪ್ಪನ ಮ್ಯಾಲಿನ ತಂಪು ಕಿತ್ತಾಕಿ ನೀನ! ಏನ ನೋಡಾಕ ಬಂದಿ?" ಎಂದು ಕಿರುಚಿದಳು. ಬಾವಿಯ ಲೆಕ್ಕವನ್ನು ಅಲ್ಲಿ ಹೇಳಲು ಬರುವುದಿಲ್ಲವೆಂದು ತೇಜಸ್ವಿನಿಗೆ ಗೊತ್ತಿತ್ತು. ಹೆಣ ಎತ್ತುವವರೆಗೂ ಹೆಂಗಸರ ನಡುವೆ, ಎಲ್ಲರ ಕಣ್ಣು ತನ್ನ ಮೇಲಿದ್ದರೂ, ತಲೆ ಬಗ್ಗಿಸದೆ ಕೂತಿದ್ದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಮರುದಿನ ಬೆಳಿಗ್ಗೆ ಎದ್ದು ಮತ್ತೆ ಚಿಗುರು ಕೀಳಲು ಹೋದಳು. ಕೀಳಲೇಬೇಕಿತ್ತು, ಏಕೆಂದರೆ ಪ್ರತಿ ಮಳೆಗೂ ಅದು ಯಾವುದೋ ಸಂದಿನಿಂದ ಕಣ್ಣು ತೆರೆಯುತ್ತಿತ್ತು. ಕಿತ್ತ ಜಾಗದಲ್ಲೆಲ್ಲ ಬೇವು, ಹುಣಸೆ ನೆಟ್ಟರು. ಅವು ನೆರಳಾಗಲು ವರ್ಷಗಳು ಬೇಕು. ಅಲ್ಲಿಯವರೆಗೆ ಊರು ಬಿಸಿಲನ್ನು ಹಲ್ಲು ಕಚ್ಚಿ ಹೊತ್ತುಕೊಂಡಿತು.

ಹಿರೇಬಾವಿ ಮೊದಲ ವರ್ಷ ಮೇಲೇರಲಿಲ್ಲ, ಇಳಿಯಲೂ ಇಲ್ಲ. ಎರಡನೆಯ ಮಳೆಗಾಲದ ನಂತರ ಪಾಚಿ ಹೊತ್ತ ಮೆಟ್ಟಿಲುಗಳು ಮತ್ತೆ ನೀರೊಳಗೆ ಮುಳುಗಿದವು.

ನಾಲ್ಕನೆಯ ಬೇಸಿಗೆಯಲ್ಲಿ ಹಸಿರು ಊರುಗಳಿಂದ ಟ್ಯಾಂಕರುಗಳು ಬರತೊಡಗಿದವು. ಅಲ್ಲಿ ಬಾವಿಗಳು, ಕೊಳವೆಬಾವಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಬೀದಿಗಳು ಮಾತ್ರ ಇನ್ನೂ ಹೂ ಬಿಡುತ್ತಿದ್ದವು. ನೀರು ಕೊಡುವುದು ಬೇಡ ಎಂದು ಊರಲ್ಲಿ ಹಲವರು ಪಟ್ಟು ಹಿಡಿದರು. ನಕ್ಕವರಿಗೆ ಯಾಕೆ ಕೊಡಬೇಕು? "ಬಾಯಾರಿದವರಿಗೆ ನೀರ ಇಲ್ಲ ಅನ್ನಾಕ ನಾವೇನ ಗಿಡ ಏನ?" ಎಂದು ಶಾಹೀನಾ ಆಪಾ ಒಂದೇ ಮಾತಿನಲ್ಲಿ ಅವರ ಬಾಯಿ ಮುಚ್ಚಿಸಿದಳು.

ಒಂದು ಟ್ಯಾಂಕರಿನ ಜೊತೆ ನಿರಂಜನ ಉಳ್ಳಾಗಡ್ಡಿಯವರೇ ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು. ಬಾವಿಯ ಕಟ್ಟೆಯ ಮೇಲೆ ತೇಜಸ್ವಿನಿಯ ಪಕ್ಕ ಕೂತರು. ಪೈಪು ನೀರಿನೊಳಗೆ ಇಳಿಯುವುದನ್ನು ನೋಡುತ್ತ, "ಇದನ್ನ ಕೀಳಬೇಕಂತ ನಿಮಗ ಮೊದಲ ಹೆಂಗ ಹೊಳೀತು? ನಮಗ್ಯಾರಿಗೂ ಹೊಳೀಲಿಲ್ಲಲ್ಲ," ಎಂದರು.

"ಹೊಳದಿದ್ದಲ್ಲ ಸರ್, ನೆನಪಾಗಿದ್ದು," ಎಂದಳು ತೇಜಸ್ವಿನಿ. "ನಾ ಸಣ್ಣಾಕಿ ಇದ್ದಾಗ, ಎರಡ ಸಾವಿರದ ಇಪ್ಪತ್ತರ ದಶಕದಾಗ, ಹುಬ್ಬಳ್ಳಿ ಕಡೆ ಒಂದು ಹೊಸಾ ಬಡಾವಣ್ಯಾಗ ಇದ್ವಿ. ಗೇಟಿನ ಮುಂದ ಬ್ಯಾಸಗಿ ತುಂಬ ಟ್ಯಾಂಕರ್ ನಿಂತಿರ್ತಿತ್ತು. ನಮ್ಮವ್ವ ಎರಡ ಕೊಡ ಹಿಡ್ಕೊಂಡು ಪಾಳಿ ಹಚ್ಚತಿದ್ಲು. ಗೇಟಿನ ಒಳಗ ಹುಲ್ಲಿನ ಹಾಸು, ಅದರ ನಡುವ ತಿರುಗೂ ಕಾರಂಜಿ. ಅದೇ ಟ್ಯಾಂಕರಿನ ನೀರ. ನಾವು ಹುಡುಗೂರು ಅದರಾಗ ತೋಯ್ಸಿಕೊಂಡು ನಗತಿದ್ವಿ. ಹುಲ್ಲು ಬ್ಯಾಡ ಅಂತ ಯಾರೂ ಅನ್ನಲಿಲ್ಲ. ಚಂದ ಇತ್ತಲ್ಲ."



ಟ್ಯಾಂಕರು ತುಂಬಿತು. ಚಾಲಕ ಕೆಳಗಿಳಿದು ಮುಚ್ಚಳ ಬಿಗಿ ಮಾಡುತ್ತ, ಸುತ್ತಲಿನ ಬೋಳು ಅಂಗಳಗಳನ್ನೂ ಆಳೆತ್ತರದ ಬೇವಿನ ಗಿಡಗಳನ್ನೂ ನೋಡಿ ಮುಖ ಸಿಂಡರಿಸಿದ.

"ಏನ ಊರ ಅಕ್ಕಾರ ಇದು! ಇಷ್ಟ ನೀರ ಇಟ್ಕೊಂಡು ನೆಲದ ಮ್ಯಾಲೆ ಒಂದ ತುಣುಕ ಹಸರ ಇಲ್ಲ. ನಮ್ಮೂರು ಬಂದ ನೋಡ್ರಿ, ಹೆಂಗ ಐತಿ."

"ನೋಡೀನಪಾ," ಎಂದಳು ತೇಜಸ್ವಿನಿ. "ನಿಮ್ಮೂರು ಭಾಳ ಚಂದ ಐತಿ. ಅದಕ್ಕ ನೀರಿಗೆ ಇಲ್ಲಿ ಬಂದೀರಿ."